ಹದಿನೈದು ನಿಮಿಷಕ್ಕೆ ಯಾವ ಪ್ರಾಣಿ?

ಮೊನ್ನೆ ಘಾಟ್ಕೋಪರಿನ ರದ್ದಿ ಅಂಗಡಿಗೆ ಹಳೇ ಪೇಪರು ಹಾಕಲು ಹೋಗಿದ್ದೆ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಅಂಗಡಿಯವನ ಕಾಗದದ ರಾಶಿ ಅರ್ಧ ನೆನೆದು ಕೂತಿತ್ತು. ಪಕ್ಕದಲ್ಲಿ ಇಡ್ಲಿ ಮಾರುವವಳು ಅದೇ ಹೊತ್ತಿಗೆ ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆದಳು. ಒದ್ದೆ ಕಾಗದ, ಬಿಸಿ ಸಾಂಬಾರು, ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಂದವು. ನಾನು ತಕ್ಕಡಿಯ ಮುಳ್ಳು ನೋಡುವುದನ್ನೇ ಮರೆತೆ. "ಆಂಟಿ, ದೇಖೋ ನಾ" ಎಂದು ಅವನು ಎರಡು ಸಲ ಹೇಳಬೇಕಾಯಿತು. ನನ್ನ ತಲೆ ಆಗಲೇ ಮಾಟುಂಗಕ್ಕೆ ಹೋಗಿ ಭಟ್ಟರ ಹೋಟೆಲಿನ ಮುಂದೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತಿತ್ತು.

ಅದು ಮೂರು ವರ್ಷದ ಹಿಂದಿನ ಮಳೆಗಾಲ. ನಾನು ಒಂದನೇ ಕ್ಲಾಸಿನ ಟೀಚರು. ಮೂವತ್ತು ವರ್ಷ ಜೋಗೇಶ್ವರಿಯ ಒಂದು ಕನ್ನಡ ಶಾಲೆಯಲ್ಲಿ ಮೂಗು ಸುರಿಸುವ ಮಕ್ಕಳಿಗೆ ಅಆಇಈ ಹೇಳಿಕೊಟ್ಟವಳು. ಮೊದಲ ವರ್ಷ ನನ್ನ ಕ್ಲಾಸಿನಲ್ಲಿ ಬೆಂಚಿಗೆ ಐವರು ಒತ್ತಿಕೊಂಡು ಕೂರುತ್ತಿದ್ದರು. ಕೊನೆಯ ವರ್ಷ ಇಡೀ ಕ್ಲಾಸಿಗೆ ನಾಲ್ಕೇ ಮಕ್ಕಳು. ಆಮೇಲೆ ಶಾಲೆ ಮುಚ್ಚಿತು. ಬೆಂಚು ಯಾರೋ ಒಯ್ದರು, ಬೋರ್ಡು ಯಾರೋ ಒಯ್ದರು. ಚಿಕ್ಕ ಮಕ್ಕಳ ಪ್ರಾಣಿ ಪುಸ್ತಕಗಳು ಎರಡು ಟ್ರಂಕು ಇದ್ದವು, ಅವನ್ನು ಮಾತ್ರ ಯಾರೂ ಕೇಳಲಿಲ್ಲ. ನಾನೇ ಟೆಂಪೋ ಮಾಡಿಸಿಕೊಂಡು ಮಾಟುಂಗದ ಕನ್ನಡ ಸಂಘಕ್ಕೆ ತಂದು, ಮೊದಲ ಮಹಡಿಯ ಲೈಬ್ರರಿಯ ಒಂದು ಕಪಾಟಿನಲ್ಲಿ ಜೋಡಿಸಿದೆ. ಭಾನುವಾರ ಭಾನುವಾರ ಹೋಗಿ ಆ ಕಪಾಟಿನ ಮುಂದೆ ಕೂರುವುದು ನನ್ನ ಸೇವೆ.

ಕೂರುವುದೇನೋ ಕೂತೆ, ಮಕ್ಕಳು ಬರಬೇಕಲ್ಲ. ಒಂದು ವರ್ಷದಲ್ಲಿ ಬಂದದ್ದು ಒಬ್ಬ ಹುಡುಗ. ಅವನೂ ಬಾತ್‌ರೂಮ್ ಎಲ್ಲಿ ಎಂದು ಕೇಳಲು ಬಂದವನು.

ಜೂನ್ ತಿಂಗಳ ಕಮಿಟಿ ಮೀಟಿಂಗಿನಲ್ಲಿ ಅಧ್ಯಕ್ಷ ದೇಸಾಯಿಯವರು ಗಂಟಲು ಸರಿಮಾಡಿಕೊಂಡರು. ಧಾರವಾಡ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿಯಾಗಿ ನಿವೃತ್ತರಾದವರು. "ಅಕ್ಕೋರ, ತಪ್ಪು ತಿಳಕೋಬ್ಯಾಡ್ರಿ. ನಮಗ ಒಂದು ಕಪಾಟು ಬೇಕಾಗ್ಯದ" ಎಂದರು. ಏಕೆ ಎಂದು ಕೇಳಿದೆ. ಸನ್ಮಾನದ ಶಾಲುಗಳನ್ನು ಇಡಲು. ನಮ್ಮ ಸಂಘಕ್ಕೆ ಸನ್ಮಾನ ಮಾಡುವುದೊಂದು ಚಟ. ಊರಿಂದ ಯಾರು ಬಂದರೂ ಸನ್ಮಾನ, ಯಾರೂ ಬರದಿದ್ದರೆ ನಮ್ಮನಮ್ಮೊಳಗೇ ಸನ್ಮಾನ. ಶಾಲು, ಪೇಟ, ಫಲಕ ಎಲ್ಲ ಸಗಟಿನಲ್ಲಿ ತಂದು ರಟ್ಟಿನ ಡಬ್ಬಿಗಳಲ್ಲಿ ಮೆಟ್ಟಿಲ ಕೆಳಗೆ ಒಟ್ಟಿದ್ದರು. ಮಳೆಗಾಲ ಬಂದರೆ ಶಾಲಿಗೆ ಬೂಷ್ಟು. ಹೋದ ವರ್ಷ ಒಬ್ಬ ಸಾಹಿತಿಗಳು ಶಾಲು ಹೊದ್ದುಕೊಂಡೇ ಭಾಷಣದುದ್ದಕ್ಕೂ ಸೀನಿದ್ದರು.

ನನಗೆ ಮೈಯೆಲ್ಲ ಉರಿಯಿತು. "ಪುಸ್ತಕಗಳನ್ನು ಏನು ಮಾಡ್ತೀರಿ?" ಎಂದೆ. ದೇಸಾಯಿಯವರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾದರೆ ಜಗಳ ಆಡಬಹುದಿತ್ತು. ಅವರು ಮೃದುವಾಗಿ ಒಂದು ಗಡುವು ಕೊಟ್ಟರು. ದಸರೆಯೊಳಗೆ ಇಪ್ಪತ್ತು ಮಕ್ಕಳು ಹೆಸರು ಬರೆಸಿ ಪುಸ್ತಕ ಮನೆಗೆ ಒಯ್ದರೆ ಕಪಾಟು ನನ್ನದು. ಇಲ್ಲದಿದ್ದರೆ ಶಾಲಿನದು.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಶಾಲೆ ಮುಚ್ಚಿಸಿದ್ದಾಯ್ತು, ಇನ್ನು ಲೈಬ್ರರಿ" ಎಂದರು. ತಮಾಷೆಗೆ ಅಂದದ್ದು. ಆದರೂ ನನಗೆ ಅದು ಚುಚ್ಚಿತು, ಅಂದು ಅವರಿಗೆ ಉಪ್ಪಿಟ್ಟಿನಲ್ಲಿ ಗೋಡಂಬಿ ಹಾಕಲಿಲ್ಲ.

ಮೊದಲು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೂರು ವರ್ಷದವರಿಗೆ ಯಾವ ಪ್ರಾಣಿಯ ಪುಸ್ತಕ, ಐದು ವರ್ಷದವರಿಗೆ ಯಾವುದು, ಆಗಷ್ಟೇ ಅಕ್ಷರ ಕೂಡಿಸುವವರಿಗೆ ಯಾವುದು ಎಂದು ಚೆಂದದ ಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮುಂದಿನ ವಾರ ನೋಡಿದರೆ ದೇಸಾಯಿಯವರು ಅದರ ಪಕ್ಕಕ್ಕೆ ಸ್ಕೇಲಿನಲ್ಲಿ ಗೆರೆ ಎಳೆದು 'ನೀತಿ' ಎಂಬ ಒಂದು ಕಾಲಂ ಸೇರಿಸಿ, ತುಂಬಿಸಿ ಎಂದು ನನಗೇ ಬಿಟ್ಟಿದ್ದರು. ಒಂದು ಪುಸ್ತಕದಲ್ಲಿ ನೀರಿನಲ್ಲಿ ಬಿದ್ದುಕೊಂಡ ಎಮ್ಮೆ, ಏಳು ಎಂದವರಿಗೆಲ್ಲ ಬಾಲ ಬೀಸಿ ನೀರೆರಚುತ್ತದೆ. ಇದರಲ್ಲಿ ನೀತಿ ಏನು ಬರೆಯಲಿ? 'ಏಳುವುದಿಲ್ಲ' ಎಂದು ಬರೆದೆ. ಆ ಪಟ್ಟಿಯನ್ನು ಓದಿದವರು ನಾವಿಬ್ಬರೇ.

ಜುಲೈ ತಿಂಗಳ ಒಂದು ಭಾನುವಾರ ಕುರ್ಲಾದಲ್ಲಿ ಹಳಿ ಮೇಲೆ ನೀರು ನಿಂತು ಲೋಕಲ್ ಮುಕ್ಕಾಲು ಗಂಟೆ ತಡ. ಮಾಟುಂಗದಲ್ಲಿ ಇಳಿಯುವಷ್ಟರಲ್ಲಿ ಹೊಟ್ಟೆ ಹಸಿದು ತಲೆ ತಿರುಗುತ್ತಿತ್ತು. ಸಂಘದ ಎರಡು ಬಿಲ್ಡಿಂಗ್ ಆಚೆ ಭಟ್ಟರ ಹೋಟೆಲು. ಭಾನುವಾರ ಬೆಳಿಗ್ಗೆ ಅಲ್ಲಿ ಇಡ್ಲಿ ತಿನ್ನಬೇಕೆಂದರೆ ಬಾಗಿಲಲ್ಲಿ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯಬೇಕು. ಗಲ್ಲಾದಲ್ಲಿ ಮಗನನ್ನು ಕೂರಿಸಿ ಭಟ್ಟರೇ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತಿರುತ್ತಿದ್ದರು. ಉಡುಪಿ ಕಡೆಯವರು, ಅರವತ್ತು ದಾಟಿದ ಮನುಷ್ಯ, ಯಾರಿಗೂ ಸೊಪ್ಪು ಹಾಕುವವರಲ್ಲ. ಎಷ್ಟು ದೊಡ್ಡವರು ಕಾರಿನಿಂದ ಇಳಿದು ಬಂದರೂ "ಹೆಸರು ಹೇಳಿ, ಎಷ್ಟು ಜನ?" ಅಷ್ಟೇ.

ಆ ಸಾಲನ್ನು ನಾನು ಅಂದು ಮೊದಲ ಸಲ ಕಣ್ಣು ಬಿಟ್ಟು ನೋಡಿದೆ. ಮಳೆಗೆ ಅಡ್ಡ ಕಟ್ಟಿದ ನೀಲಿ ತಾಡಪತ್ರಿಯ ಕೆಳಗೆ ಐವತ್ತು ಜನ, ಅವರಲ್ಲಿ ಹತ್ತು ಹದಿನೈದು ಮಕ್ಕಳು. ಒಬ್ಬ ಹುಡುಗ ಅಪ್ಪನ ಛತ್ರಿ ಎಳೆಯುತ್ತಿದ್ದಾನೆ, ಒಬ್ಬಳು ನೆಲದ ನೀರಿನಲ್ಲಿ ಕೂತುಬಿಟ್ಟಿದ್ದಾಳೆ, ಉಳಿದವರು ಫೋನಿನಲ್ಲಿ ಮುಖ ಹುದುಗಿಸಿದ್ದಾರೆ. ನಾನು ಒಂದು ವರ್ಷ ಮಹಡಿ ಮೇಲೆ ಸೊಳ್ಳೆ ಹೊಡೆಯುತ್ತ ಯಾರಿಗಾಗಿ ಕಾದಿದ್ದೆನೋ ಅವರೆಲ್ಲ ಇಲ್ಲಿ ಇಡ್ಲಿಗೆ ಕಾಯುತ್ತಿದ್ದರು.

"ಭಟ್ರೇ, ನಾನು ಇಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಮಕ್ಕಳಿಗೆ ಪುಸ್ತಕ ಕೊಡ್ತೀನಿ. ಚಿತ್ರದ ಪುಸ್ತಕ, ಬರೀ ಪ್ರಾಣಿಗಳು" ಎಂದೆ.

"ಎಂತಕ್ಕೆ ಟೀಚರೇ? ಅವರು ಬರುದು ತಿನ್ಲಿಕ್ಕೆ."

"ಕಾಯೋವಾಗ ಗಲಾಟೆ ಮಾಡಲ್ಲ."

ಅವರು ಛತ್ರಿ ಎಳೆಯುತ್ತಿದ್ದವನ ಕಡೆ ಒಮ್ಮೆ ನೋಡಿದರು. "ಆಯ್ತು. ಆದ್ರೆ ಬಾಗಿಲಿಗೆ ಅಡ್ಡ ಕೂರ್ಲಿಕ್ಕಿಲ್ಲ. ಪುಸ್ತಕ ಒಳಗೆ ಬರ್ಲಿಕ್ಕಿಲ್ಲ. ಎಣ್ಣೆ ಕೈ ಬೇರೆ ಇರ್ತದೆ." ಇಷ್ಟು ಶರತ್ತಿನ ಮೇಲೆ ನನ್ನ ಅಂಗಡಿ ತೆರೆಯಿತು.

ಯಾವ ಮಗುವಿಗೆ ಯಾವ ಪುಸ್ತಕ ಎನ್ನುವುದು ವಯಸ್ಸು ಕೇಳಿ ಹೇಳುವ ಮಾತಲ್ಲ ಎಂದು ಆ ಸಾಲಿನಲ್ಲಿ ಎರಡೇ ವಾರಕ್ಕೆ ನನಗೆ ಮನದಟ್ಟಾಯಿತು. ಮಗುವನ್ನು ಒಂದು ನಿಮಿಷ ನೋಡಬೇಕು. ತಂಗಿಯನ್ನು ಕಚ್ಚುವ ಹುಡುಗನೊಬ್ಬ ಬರುತ್ತಿದ್ದ. ಅವನಮ್ಮ ಮೊಸಳೆ ಪುಸ್ತಕ ಎತ್ತಿಕೊಂಡರು, ನಾನು ಕಿತ್ತಿಟ್ಟೆ. ಕಚ್ಚುವವನಿಗೆ ಮೊಸಳೆ ಕೊಟ್ಟರೆ ಹೊಸ ಐಡಿಯಾ ಸಿಕ್ಕಿಬಿಡುತ್ತದೆ. ಅವನಿಗೆ ಎಮ್ಮೆ ಕೊಟ್ಟೆ. ಎಮ್ಮೆ ಮೆಲುಕು ಹಾಕುವುದನ್ನು ನೋಡಿ ಅವನೂ ಬಾಯಾಡಿಸತೊಡಗಿದ. ಬಾಯಿಗೆ ಕೆಲಸ ಸಿಕ್ಕಿತು, ತಂಗಿ ಬಚಾವಾದಳು. ಬಾಯಿ ಬಿಡದ, ಅಮ್ಮನ ದುಪಟ್ಟಾದ ಹಿಂದೆ ಅಡಗುವ ಮಗುವಿಗೆ ಕಪ್ಪೆಯೇ ಸರಿ. ಪುಸ್ತಕದ ತುಂಬ 'ವಟರ್' ಬಿಟ್ಟು ಬೇರೆ ಮಾತಿಲ್ಲ. ಹಾಗೆ ಕೂಗಲು ಯಾವ ಭಾಷೆಯೂ ಬೇಡ, ನಾಚಿಕೆಯೂ ಆಗುವುದಿಲ್ಲ. ಕುಣಿಯುವವರಿಗೆ ಮಲಗಿದ ಬೆಕ್ಕು, ಪ್ರತಿ ಪುಟದಲ್ಲೂ 'ಶ್' ಎಂದು ಪಿಸುಗುಟ್ಟಿ ತಿರುವಬೇಕು. ಆಗಷ್ಟೇ ಅಕ್ಷರ ಕಲಿತವರಿಗೆ ಇರುವೆ. 'ಇರುವೆ ಬಂತು, ಸಕ್ಕರೆ ಹೋಯಿತು. ಇರುವೆ ಬಂತು, ಬೆಲ್ಲ ಹೋಯಿತು.' ದೊಡ್ಡವರಿಗೆ ಇದು ಬೋರು. ಐದು ವರ್ಷದವರಿಗೆ ಮೂರನೇ ಪುಟದಲ್ಲಿ 'ನನಗೆ ಓದಲು ಬರುತ್ತದೆ' ಎನ್ನಿಸುತ್ತದೆ, ಆಮೇಲೆ ಅವರನ್ನು ಹಿಡಿಯಲಾಗುವುದಿಲ್ಲ.

ಗೂಬೆಯ ಪುಸ್ತಕ ಮಾತ್ರ ನನ್ನನ್ನು ಪೇಚಿಗೆ ಸಿಕ್ಕಿಸಿತು. ನಮ್ಮ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಕೈಯಿಂದ ಅದನ್ನು ಎರಡು ಬೆರಳಲ್ಲಿ ಎತ್ತಿ ವಾಪಸು ಕೊಟ್ಟರು. "ಗೂಬೆ ಮನೆಗೆ ಬರಬಾರದು ಕಣಮ್ಮ, ನಿನಗೆ ಅಷ್ಟೂ ಗೊತ್ತಾಗಲ್ಲವೇ?" ಅವರ ಹಿಂದೆಯೇ ನಿಂತಿದ್ದ ಗುಜರಾತಿ ತಾಯಿ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. "ಲಕ್ಷ್ಮೀ ಕಾ ವಾಹನ್ ಹೈ, ಆಂಟಿ." ಅವಳ ಐದು ವರ್ಷದ ಮಗಳು, ಧ್ವನಿ ಎಂದು ಹೆಸರು, ಆ ಗೂಬೆಯ ದೆಸೆಯಿಂದ ನನ್ನ ಮೊದಲ ಕಾಯಂ ಗಿರಾಕಿಯಾದಳು.

ಗುಜರಾತಿ, ತಮಿಳು, ಮರಾಠಿ, ಸಾಲಿನಲ್ಲಿ ಎಲ್ಲರೂ ಇದ್ದರು. ನಾನು ಓದುವುದು ಕನ್ನಡದಲ್ಲೇ. ಆನೆಯ ಚಿತ್ರ ತೋರಿಸಿ ಆನೆ ಎಂದರೆ ಯಾವ ಮಗುವೂ ಹಾಗೆಂದರೇನು ಎಂದು ಕೇಳುವುದಿಲ್ಲ. ಕೇಳುವವರು ಅಪ್ಪ ಅಮ್ಮಂದಿರು.

ತೊಂದರೆ ಶುರುವಾದದ್ದು ಭಟ್ಟರು ಹೆಸರು ಕೂಗಿದಾಗ. ಮಕ್ಕಳು ಏಳಬೇಕಲ್ಲ. ಬೆಕ್ಕು ಇನ್ನೂ ಎದ್ದಿಲ್ಲ, ನಾನು ಹೇಗೆ ಏಳಲಿ ಎನ್ನುವ ಹಟ. ಒಳಗೆ ಟೇಬಲ್ ಖಾಲಿ, ಹೊರಗೆ ಅಳು. ಮೂರನೇ ಭಾನುವಾರ ಭಟ್ಟರು ನೋಟ್‌ಬುಕ್ ಕಂಕುಳಲ್ಲಿಟ್ಟು ಬಂದರು.

"ಟೀಚರೇ, ಇದಾಗುದಿಲ್ಲ ಮಾರಾಯ್ರೆ. ನಾನು ಹತ್ತು ನಿಮಿಷ ಅಂದ್ರೆ ನೀವು ಹತ್ತು ನಿಮಿಷದ ಪ್ರಾಣಿ ಕೊಡ್ಬೇಕು."

ಹಾಗೆ ಹೊಸ ಪದ್ಧತಿ ಬಂತು. ಇಡೀ ಮುಂಬೈಯಲ್ಲಿ ಇನ್ನೆಲ್ಲೂ ಇರಲಾರದು. ಅವರು ಬಾಗಿಲಿನಿಂದ "ಟೀಚರೇ, ನಾಲ್ಕು ಜನ, ಐದು ನಿಮಿಷ" ಎಂದು ಕೂಗಬೇಕು, ನಾನು ಇರುವೆ ಎತ್ತಿಕೊಡಬೇಕು. ಹತ್ತು ನಿಮಿಷಕ್ಕೆ ಬೆಕ್ಕು. ಹದಿನೈದಕ್ಕೆ ಎಮ್ಮೆ. ಎಂಟು ಜನರ ಸಂಸಾರ ಬಂದರೆ ಇಪ್ಪತ್ತೈದು ನಿಮಿಷ, ಆಗ ಮದುವೆಗೆ ಹೊರಟು ಬಸ್ಸಿನಲ್ಲಿ ಹಿಡಿಸದ ಆನೆ. ಕೆಲವು ವಾರಗಳಲ್ಲಿ ಭಟ್ಟರು ನಿಮಿಷ ಹೇಳುವುದನ್ನೂ ಬಿಟ್ಟರು. "ಟೀಚರೇ, ಒಂದು ಎಮ್ಮೆ" ಎನ್ನುತ್ತಿದ್ದರು. ಸಾಲಿನಲ್ಲಿ ಹೊಸದಾಗಿ ನಿಂತವರು ಹೋಟೆಲು ಬಿಟ್ಟು ಹೋಗೋಣವೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಐದು ನಿಮಿಷಕ್ಕೆ ಇರುವೆ ಕೊಟ್ಟರೆ ಮಗು ಮುಗಿಸಿ, ಇಡ್ಲಿ ತಿಂದು, ಮನೆಗೆ ಹೋಗುತ್ತದೆ. ನನ್ನ ರಿಜಿಸ್ಟರಿನಲ್ಲಿ ಹೆಸರು ಬೀಳುವುದಿಲ್ಲ. ಅದೇ ಬೆಕ್ಕು ಕೊಟ್ಟು ಅರ್ಧದಲ್ಲಿ ಕಿತ್ತುಕೊಂಡರೆ? "ಉಳಿದದ್ದು ಅಲ್ಲಿ ಮಹಡಿ ಮೇಲಿದೆ. ತಿಂಡಿ ತಿಂದು, ಕೈ ತೊಳೆದು, ಅಮ್ಮನನ್ನು ಕರೆದುಕೊಂಡು ಬಾ" ಎಂದರೆ ಬಂದೇ ಬರುತ್ತದೆ. ಬಂದವು. ಬಾಯಿ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದವು. ಭಟ್ಟರಿಗೆ ಗೊತ್ತಾಗದ ಹಾಗೆ ನಾನು ಪ್ರತಿ ಮಗುವಿಗೂ ಒಂದು ಪ್ರಾಣಿ ಮೇಲಿನದನ್ನೇ ಕೊಡತೊಡಗಿದೆ. ಸೆಪ್ಟೆಂಬರ್ ಹೊತ್ತಿಗೆ ರಿಜಿಸ್ಟರಿನಲ್ಲಿ ಹದಿನಾಲ್ಕು ಹೆಸರು. ನಾನು ಲೋಕಲಿನಲ್ಲಿ ಒಬ್ಬಳೇ ನಗುತ್ತ ಕೂತಿರುತ್ತಿದ್ದೆ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲಿಯ ಪುಸ್ತಕ ನನಗೆ ಅದನ್ನು ಉಣಿಸಿತು.

ಅದರ ಪ್ರತಿ ಪುಟದಲ್ಲೂ ಅಡುಗೆಮನೆ, ಪ್ರತಿ ಅಡುಗೆಮನೆಯಲ್ಲೂ ಎಲ್ಲೋ ಒಂದು ಇಲಿ. ಹುಡುಕಬೇಕು. ಕೊನೆಯ ಪುಟದಲ್ಲಿ ಸೌಟಿನ ಹಿಂದೆ, ಹಿಟ್ಟಿನ ಡಬ್ಬಿಯಲ್ಲಿ, ದೋಸೆಯ ಮೇಲೆ, ಎಲ್ಲೆಲ್ಲೂ ಇಲಿ. ಇಪ್ಪತ್ತು ನಿಮಿಷದ ಪುಸ್ತಕ. ವಿಹಾನ್ ಎಂಬ ಆರು ವರ್ಷದ ಹುಡುಗನಿಗೆ ಹತ್ತು ನಿಮಿಷದ ಸರದಿಯಲ್ಲಿ ಅದನ್ನು ಕೊಟ್ಟೆ. ಹೆಸರು ಕೂಗಿದರು. ಅವನು ತಕರಾರಿಲ್ಲದೆ ಎದ್ದು ಹೋದ. ಎಷ್ಟು ಒಳ್ಳೆಯ ಮಗು ಎಂದುಕೊಂಡೆ. ಒಳ್ಳೆಯ ಮಗು ಪುಸ್ತಕವನ್ನು ರೇನ್‌ಕೋಟಿನೊಳಗೆ ತೂರಿಸಿಕೊಂಡು ಹೋಗಿತ್ತು.

ಐದು ನಿಮಿಷದ ಮೇಲೆ ಒಳಗಿನಿಂದ ಕಿರುಚು ಕೇಳಿಸಿತು. ವಿಹಾನ್ ಕುರ್ಚಿಯ ಮೇಲೆ ನಿಂತಿದ್ದ. "ಚೂಹಾ! ಮಮ್ಮೀ, ಕಿಚನ್ ಮೇ ಚೂಹಾ! ಡೋಸೇ ಪೇ ಭೀ ಚೂಹಾ!"

ಭಾನುವಾರ ಬೆಳಿಗ್ಗೆ ಹತ್ತೂವರೆ, ತುಂಬಿದ ಹೋಟೆಲು. ಒಬ್ಬ ಹೆಂಗಸು ಎರಡೂ ಕಾಲನ್ನು ಕುರ್ಚಿ ಮೇಲೆ ಎತ್ತಿಕೊಂಡರು. ಒಬ್ಬರು ದೋಸೆಯನ್ನು ಮಗುಚಿ ಹಿಂದೆ ಮುಂದೆ ಪರೀಕ್ಷಿಸಿದರು. ಒಬ್ಬ ಫೋನ್ ಹೊರತೆಗೆದು ನೇರವಾಗಿ ಅಡುಗೆಮನೆಯ ಕಡೆ ನಡೆದ. ಭಟ್ಟರು ಮಧ್ಯೆ ನಿಂತು ಗಟ್ಟಿಯಾಗಿ "ಚೂಹಾ ನಹೀ ಹೈ, ಚೂಹಾ ನಹೀ ಹೈ" ಎಂದರು. ಅಲ್ಲಿಯವರೆಗೆ ಕೇಳಿಸಿಕೊಳ್ಳದಿದ್ದವರಿಗೂ ಆಗ ಕೇಳಿಸಿತು. ಹೊರಗಿನ ಸಾಲು ಅರ್ಧ ಕರಗಿತು.

ನಾನು ಓಡಿಹೋಗಿ ಪುಸ್ತಕ ಕಿತ್ತುಕೊಂಡು, ಕೊನೆಯ ಪುಟ ತೆರೆದು, ಒಂದೊಂದೇ ಟೇಬಲಿಗೆ ಹೋಗಿ ತೋರಿಸಿದೆ. "ಯೇ ವಾಲಾ ಚೂಹಾ. ಕಿತಾಬ್ ವಾಲಾ." ಬಹಳ ಜನ ನಕ್ಕರು. ಫೋನಿನವನಿಗೆ ಮಾತ್ರ ನಿರಾಸೆಯಾಯಿತು. ಭಟ್ಟರು ನಗಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಹೋಟೆಲಿನವರಿಗೆ ಆ ಒಂದು ಮಾತು ಎಂಥದ್ದೆಂದು ನನಗೆ ಆಗ ತಿಳಿಯಿತು.

"ಟೀಚರೇ, ಸ್ಟೂಲು ತಗೊಂಡು ಹೋಗಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಮಹಡಿ ಮೇಲೆ ಸೊಳ್ಳೆಬತ್ತಿ ಹಚ್ಚಿಕೊಂಡು ಕೂತೆ. ಹೊರಗೆ ಒಂದೇ ಸಮನೆ ಮಳೆ. ಕೆಳಗೆ ಶಾಲಿನ ಡಬ್ಬಿಗಳಿಗೆ ಯಾರೋ ಪ್ಲಾಸ್ಟಿಕ್ ಹೊದಿಸುತ್ತಿದ್ದರು. ಬೇಕಾದದ್ದು ಇನ್ನು ಆರೇ ಹೆಸರು, ನಾನೇ ಆಸೆಬುರುಕಿಯಾಗಿ ಹಾಳು ಮಾಡಿಕೊಂಡೆ. ಶಾಲೆ ಮುಚ್ಚಿದ ದಿನ ನಾನು ಅತ್ತಿರಲಿಲ್ಲ, ಅದು ಸರ್ಕಾರದ ತಪ್ಪು, ಕಾಲದ ತಪ್ಪು ಎಂದುಕೊಂಡಿದ್ದೆ. ಇದು ನನ್ನದೇ. ಕಪಾಟಿನ ಬಾಗಿಲು ಹಿಡಿದುಕೊಂಡು ಅಂದು ಚೆನ್ನಾಗಿ ಅತ್ತೆ.

ಅದರ ಮುಂದಿನ ಭಾನುವಾರ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಭಟ್ಟರು, ಕುತ್ತಿಗೆಗೆ ಟವಲು.

"ಕೂರುದಿಲ್ಲ, ಕೆಳಗೆ ಸಾಲುಂಟು" ಎಂದು ನಿಂತೇ ಮಾತಾಡಿದರು. ಹಿಂದಿನ ವಾರ ಸಾಲಿನ ಮಕ್ಕಳಲ್ಲೊಬ್ಬ ಫ್ರಿಜ್ಜಿನ ಪ್ಲಗ್ ಕಿತ್ತಿದ್ದ. ಒಬ್ಬಳು ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದು ಊರೆಲ್ಲ ಕೇಳುವಂತೆ ಅತ್ತಿದ್ದಳು. ಎಲ್ಲರ ಬಾಯಲ್ಲೂ ಒಂದೇ ಮಾತು, ಬುಕ್ ವಾಲೀ ಆಂಟಿ ಕಿಧರ್ ಹೈ. "ನಾನು ವಾರ ಪೂರ್ತಿ ಆಲೋಚನೆ ಮಾಡಿದೆ ಟೀಚರೇ. ತಪ್ಪು ಪುಸ್ತಕದ್ದಲ್ಲ. ಆ ಹುಡುಗ ಹಿಂದಿಯಲ್ಲಿ ಕೂಗಿದ್ದು ತಪ್ಪು. ಇಲಿ ಇಲಿ ಅಂತ ಕೂಗಿದ್ರೆ ಯಾರಿಗೆ ಗೊತ್ತಾಗ್ತದೆ? ನನಗೆ ಮತ್ತೆ ನನ್ನ ಅಡುಗೆಯವರಿಗೆ."

ಅವರು ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ದುಂಡಗಿನ ಅಕ್ಷರದಲ್ಲಿ ನಾಲ್ಕು ಹೆಸರು ಬರೆದಿದ್ದರು: ಇಲಿ, ಜಿರಳೆ, ಹಲ್ಲಿ, ನೊಣ.

"ಈ ನಾಲ್ಕು ಮಾತ್ರ ಮಕ್ಕಳಿಗೆ ಕನ್ನಡದಲ್ಲೇ ಬರ್ಬೇಕು. ಬಾಯಿಪಾಠ. ಉಳಿದ ಪ್ರಾಣಿ ಯಾವ ಭಾಷೆಯಲ್ಲಿ ಬೇಕಾದ್ರೂ ಕೂಗ್ಲಿ, ನಂದೇನಿಲ್ಲ. ಮತ್ತೆ ಈ ಒಂದು ಪ್ರಾಣಿ ಮೇಲಿಂದು ಕೊಡುದು ಉಂಟಲ್ಲ, ಅದು ನನಗೆ ಗೊತ್ತುಂಟು."

ಮೂವತ್ತು ವರ್ಷ ನಾನು ಎಷ್ಟೋ ಪಠ್ಯಕ್ರಮ ನೋಡಿದ್ದೇನೆ. ಅಷ್ಟು ಚಿಕ್ಕದು, ಅಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಕನ್ನಡ ಏಕೆ ಕಲಿಯಬೇಕು ಎಂಬುದಕ್ಕೆ ಅಷ್ಟು ಗಟ್ಟಿ ಕಾರಣವನ್ನೂ ನನಗೆ ಯಾರೂ ಕೊಟ್ಟಿರಲಿಲ್ಲ. ಅಂದಿನಿಂದ ಭಟ್ಟರು ಬಾಗಿಲಲ್ಲಿ ಚಿತ್ರ ಹಿಡಿದು ನಿಂತರು. "ಇದೆಂತ?" "ಜಿರಳೆ." "ಹೋಗು, ಮೂರನೇ ಟೇಬಲ್." ಮಾಟುಂಗದ ಅರ್ಧ ಗುಜರಾತಿ ಮಕ್ಕಳಿಗೆ ನಮಸ್ಕಾರ ಎನ್ನಲು ಬರುವ ಮೊದಲೇ ಜಿರಳೆ ಎನ್ನಲು ಬಂದದ್ದು ಹೀಗೆ. ಎರಡೇ ವಾರದಲ್ಲಿ ರಿಜಿಸ್ಟರಿನಲ್ಲಿ ಇಪ್ಪತ್ತಮೂರು ಹೆಸರಾಯಿತು.

ದಸರೆಗೆ ಹತ್ತು ದಿನ ಇರುವಾಗ ಮೀಟಿಂಗು. ನಾನು ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದು ಹೋದೆ. ಸಂಘದ ಸದಸ್ಯರೆಂದು ಭಟ್ಟರೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ದೇಸಾಯಿಯವರು ಕನ್ನಡಕ ಏರಿಸಿ ಒಂದೊಂದೇ ಹೆಸರು ಓದಿದರು. ಶಾ, ಮೆಹ್ತಾ, ಅಯ್ಯರ್, ಕದಂ, ಮತ್ತೆ ಶಾ. ಓದುತ್ತ ಓದುತ್ತ ಅವರ ದನಿ ನಿಧಾನವಾಯಿತು.

"ಅಕ್ಕೋರ, ಇದರಾಗ ಕನ್ನಡದ ಮಕ್ಕಳು ಎಷ್ಟ್ರೀ?"

ಎಣಿಸಿದೆ. ಮೂರು. ದೇವರಾಣೆ, ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ.

"ನೀವು ಇಪ್ಪತ್ತು ಮಕ್ಕಳು ಅಂದಿದ್ರಿ. ಕನ್ನಡದ ಮಕ್ಕಳು ಅಂತ ಹೇಳಿರಲಿಲ್ಲ."

"ಹೇಳೋ ಜರೂರು ಬಿದ್ದಿದ್ದಿಲ್ಲರೀ. ಇದು ಕನ್ನಡ ಸಂಘ ಅದ."

ನನಗೆ ಸಿಟ್ಟು ಬಂದರೆ ನಾಲಿಗೆ ಮೇಲೆ ಹಿಡಿತವಿಲ್ಲ. "ಕನ್ನಡದ ಮಕ್ಕಳು ಎಲ್ಲಿದ್ದಾರೆ ಸಾಹೇಬರೇ? ನಿಮ್ಮ ಮೊಮ್ಮಗನನ್ನು ಒಂದು ದಿನವಾದರೂ ಕರೆದುಕೊಂಡು ಬಂದಿದ್ದೀರಾ?" ಎಂದುಬಿಟ್ಟೆ.

ದೇಸಾಯಿಯವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. "ಅವಂಗ ಕನ್ನಡ ಬರೂದಿಲ್ಲರೀ. ನಾ ಅವನ ಕೂಡ ಇಂಗ್ಲಿಷಿನ್ಯಾಗ ಮಾತಾಡ್ತೀನಿ. ನನ್ನ ಇಂಗ್ಲಿಷ್ ಬ್ಯಾಂಕಿಂದು, ಅವಂಗ ತಿಳಿಯೂದಿಲ್ಲ" ಎಂದರು. ನಾನು ಹಾಗೆ ಅಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಆಗ ಹಿಂದಿನಿಂದ ಭಟ್ಟರು ಎದ್ದರು. ಎಂದೂ ಮೀಟಿಂಗಿನಲ್ಲಿ ಬಾಯಿ ತೆರೆದವರಲ್ಲ. "ಅಧ್ಯಕ್ಷರೇ, ನಾನೊಂದು ಹೇಳ್ತೇನೆ. ಕನ್ನಡದವರಿಗೆ ಮಾತ್ರ ಇಡ್ಲಿ ಅಂತ ನಾನು ಬೋರ್ಡ್ ಹಾಕಿದ್ರೆ ಮಧ್ಯಾಹ್ನಕ್ಕೆ ಉಳಿದದ್ದೆಲ್ಲ ನಾನೇ ತಿನ್ಬೇಕಿತ್ತು. ಆದ್ರೂ ಅದು ನಮ್ಮ ಇಡ್ಲಿಯೇ ಅಲ್ವಾ?" ಎಂದು ಹೇಳಿ ಕೂತುಬಿಟ್ಟರು.

ಎಲ್ಲರೂ ನಕ್ಕರು. ದೇಸಾಯಿಯವರು ನಗಲಿಲ್ಲ, ಆದರೆ ರಿಜಿಸ್ಟರನ್ನು ಮುಚ್ಚಲೂ ಇಲ್ಲ. "ಬರೋ ರವಿವಾರ ನಾನ ಬಂದು ನೋಡ್ತೀನಿ. ಕಪಾಟಿನ ಮಾತು ಅವತ್ತ ಮುಗಸೋಣ" ಎಂದರು.

ಆ ಭಾನುವಾರ ಬೆಳಿಗ್ಗೆ ನಾನು ಕಪಾಟನ್ನು ಪೂರ್ತಿ ಖಾಲಿ ಮಾಡಿದೆ. ಹೇಗೂ ಖಾಲಿ ಮಾಡಿಸುತ್ತಾರೆ ಎಂದು ಅರ್ಧ ಮನಸ್ಸು, ಇದ್ದದ್ದೆಲ್ಲ ಸಾಲಿಗೆ ಹಾಕಿಬಿಡೋಣ ಎಂದು ಇನ್ನರ್ಧ. ತಳದಲ್ಲಿ ಹಳೇ ಸೀರೆಯಲ್ಲಿ ಸುತ್ತಿಟ್ಟದ್ದೊಂದಿತ್ತು. ಕೊನೆಯ ವರ್ಷದ ನನ್ನ ನಾಲ್ಕು ಮಕ್ಕಳು ಕೂತು ಮಾಡಿದ ಪುಸ್ತಕ. ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಬರೆದು, ಅಂಟಿನಲ್ಲಿ ಒಂದಕ್ಕೊಂದು ಕೂಡಿಸಿ ಮಡಿಚಿದ ಹೆಬ್ಬಾವು. ಬಿಚ್ಚಿದಷ್ಟೂ ಉದ್ದ. ಪ್ರತಿ ಮಡಿಕೆಯಲ್ಲೂ ಅದರ ಹೊಟ್ಟೆಯೊಳಗೆ ಅದು ನುಂಗಿದ ಒಂದು ಪ್ರಾಣಿ, ಕೆಳಗೆ ಅದರ ಹೆಸರು. ಮಳೆಗೆ ಅಂಟು ಬಿಟ್ಟೀತೆಂದು ಎಂದೂ ಹೊರಗೆ ತಂದಿರಲಿಲ್ಲ. ಅಂದು ತಂದೆ.

ದೇಸಾಯಿಯವರು ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಶೂ, ಕೈಯಲ್ಲಿ ಐದು ವರ್ಷದ ಮೊಮ್ಮಗ ಆರವ್. ಭಟ್ಟರು ಅವರಿಗೂ ಅದೇ ಮಾತು ಹೇಳಿದರು. "ಹೆಸರು? ಎಷ್ಟು ಜನ?" ದೇಸಾಯಿಯವರು ಹೆಸರು ಬರೆಸಿ ಬಂದು ಇನ್‌ಸ್ಪೆಕ್ಟರಂತೆ ಗೋಡೆಗೆ ಒರಗಿ ನಿಂತರು. ಹದಿನೈದು ನಿಮಿಷ ಎಂದು ಭಟ್ಟರು ನನ್ನ ಕಡೆ ಬೆರಳು ತೋರಿಸಿದರು. ಎಮ್ಮೆ ಕೊಡಬೇಕಿತ್ತು. ನಾನು ಹೆಬ್ಬಾವಿನ ತಲೆಯನ್ನು ಆರವ್‌ನ ಕೈಗೆ ಕೊಟ್ಟೆ.

ಅವನು ಅಜ್ಜನ ಮುಖ ನೋಡಿದ. ಅಷ್ಟರಲ್ಲಿ ಗೂಬೆಯ ಗಿರಾಕಿ ಧ್ವನಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ವಾರ ವಾರ ಮಹಡಿಗೆ ಬಂದು ಅಕ್ಷರ ಕೂಡಿಸಲು ಕಲಿತಿದ್ದ ಅವಳು ಆ ಹೊತ್ತಿಗೆ ಸಾಲಿನಲ್ಲಿ ನನಗಿಂತ ದೊಡ್ಡ ಟೀಚರು. ಮೊದಲ ಮಡಿಕೆ ಬಿಚ್ಚಿ ಬೆರಳಿಟ್ಟಳು. "ಕಪ್ಪೆ. ಬೋಲ್."

"ಕಪ್ಪೆ" ಎಂದ ಆರವ್.

"ಕೋಳಿ. ಬೋಲ್." "ಕೋಳಿ."

ಇನ್ನೊಂದು ಮಡಿಕೆ, ಮತ್ತೊಂದು. ಹಾವು ಉದ್ದವಾಯಿತು. ನೆಲ ಒದ್ದೆ, ಕೆಳಗಿಡುವಂತಿಲ್ಲ. ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಹಿಡಿದುಕೊಂಡರು. ಕಚ್ಚುವ ಹುಡುಗ, ಅವನ ತಂಗಿ, ಅವರಮ್ಮ, ಯಾರದೋ ಅಜ್ಜ. ಹೆಬ್ಬಾವು ತಾಡಪತ್ರಿಯ ಕೆಳಗೆ ಹೋಗಿ ಮೆಡಿಕಲ್ ಅಂಗಡಿಯ ಮುಂದೆ ತಿರುಗಿತು. ನಡುವೆ ಹಿಡಿಯುವವರು ಒಬ್ಬರು ಕಮ್ಮಿ ಬಿದ್ದರು, ಅಂಟು ಕಿತ್ತುಬರುವಂತಿತ್ತು. ನಾನು ಕೂಗುವ ಮೊದಲೇ ದೇಸಾಯಿಯವರು ಗೋಡೆ ಬಿಟ್ಟು ಬಂದು, ಪ್ಯಾಂಟು ಮಂಡಿಗೆ ಎಳೆದುಕೊಂಡು ಕುಕ್ಕರಿಸಿ, ಎರಡೂ ಕೈಯಲ್ಲಿ ಹಿಡಿದರು.

ಆರವ್ ಅವರ ಮಡಿಕೆಗೆ ಬಂದ. ಬೆರಳಿಟ್ಟ. ಧ್ವನಿಯ ದನಿಯಲ್ಲೇ ಅಜ್ಜನಿಗೆ ಹೇಳಿದ, "ಬೋಲ್."

ದೇಸಾಯಿಯವರು ಸುತ್ತ ನೋಡಿ, ಮೆಲ್ಲಗೆ, "ಆಡು" ಎಂದರು.

ಧ್ವನಿ ಅಕ್ಷರದ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿದಳು. "ಮೇಕೆ."

"ನೋ ಅಜ್ಜಾ, ಮೇಕೆ" ಎಂದ ಆರವ್.

"ನಮ್ಮ ಕಡೆ ಇದಕ್ಕ ಆಡು ಅಂತಾರೋ."

"ಮೇಕೆ" ಎಂದರು ಸಾಲಿನಲ್ಲಿದ್ದ ಮಕ್ಕಳೆಲ್ಲ. ಗುಜರಾತಿಗಳು, ತಮಿಳರು, ಮರಾಠಿಗರು.

ದೇಸಾಯಿಯವರು ಒಂದು ಕ್ಷಣ ಮೊಮ್ಮಗನ ಮುಖವನ್ನೇ ನೋಡಿದರು. "ಆತಪಾ, ಮೇಕೆ" ಎಂದರು. ಅವರ ಕಣ್ಣು ತುಂಬಿದ್ದು ಮಳೆಯಿಂದಲ್ಲ, ನಾವು ತಾಡಪತ್ರಿಯ ಕೆಳಗಿದ್ದೆವು. ನನ್ನದೂ ತುಂಬಿತ್ತು. ಆದರೂ ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟೆ. "ಸಾಹೇಬರೇ, ಕಪಾಟು?"

"ಇರಲಿ ಬಿಡ್ರಿ ಅಲ್ಲೇ" ಎಂದರು, ತಲೆ ಎತ್ತದೆ.

"ದೇಸಾಯಿ, ಇಬ್ಬರು!" ಭಟ್ಟರು ಬಾಗಿಲಿನಿಂದ ಕೂಗಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ಆರವ್ ಮುಂದಿನ ಮಡಿಕೆಗೆ ಕೈ ಹಾಕಿದ್ದ. ದೇಸಾಯಿಯವರು ಕೂತಲ್ಲಿಂದಲೇ ಕತ್ತು ತಿರುಗಿಸಿದರು.

"ಮುಂದಿನವರನ್ನ ಕಳಸ್ರಿ ಭಟ್ರ. ಇನ್ನೂ ಬಾಲ ಬಂದಿಲ್ಲ."